ನಿಮಗಿದು ಗೊತ್ತೆ? ಕಡಲುಪಾಲಾದವರಿಗೂ ಬೇಕು ಕಲ್ಲು

ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಹೊರಟ ‘ಸುವರ್ಣ ತ್ರಿಭುಜ’ ಬೋಟ್ 7 ಮೀನುಗಾರರೊಂದಿಗೆ ಕಣ್ಮರೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತು, ಮೀನುಗಾರರು ಸಿಗಲಿಲ್ಲ. ಶವ ಸಿಗದಿದ್ದರೆ ಕಾನೂನು ಸಾವನ್ನು ಸುಲಭಕ್ಕೆ ಒಪ್ಪದು. 7 ವರ್ಷ ಸುಳಿವಿಲ್ಲದಿದ್ದರಷ್ಟೇ ಬದುಕಿದ್ದಾರೆಂದು ರುಜುವಾತುಪಡಿಸುವ ಹೊಣೆ ಹಾಗೆ ವಾದಿಸುವವರದು. ಅಲ್ಲಿಯವರೆಗೆ ಮನೆಯವರದು ತ್ರಿಶಂಕು ಸ್ಥಿತಿ. ಸಮಾಧಿಯೂ ಇಲ್ಲದವರಿಗೆ ಹೆಸರು ಕೆತ್ತಿದ ಕಲ್ಲು ಬೇಕಾಗುವುದು ಇದಕ್ಕೇ. ಪರಿಹಾರ ಕೊಟ್ಟರಾಯಿತಲ್ಲ ಎನ್ನಬಹುದು. ಹಣ ಮನೆಗೆ ಸಲ್ಲುತ್ತದೆ, ಊರು ಮರೆಯುತ್ತದೆ. (ದನ ಕಾಯಲು ಹೋರಾಡಿ ಮಡಿದವರಿಗೂ ವೀರಗಲ್ಲು ನೆಟ್ಟ ನಾಡಿದು!) ಅಮೆರಿಕದ ಗ್ಲೌಸ್ಟರ್‌ನಲ್ಲಿ 1925ರ ಕಂಚಿನ ನಾವಿಕನ ಬಳಿ ಸಾವಿರಾರು ಮೀನುಗಾರರ ಹೆಸರುಗಳಿವೆ. ಕಡಲಿಲ್ಲದ ಬೆಂಗಳೂರಿನ ಬಾಪೂಜಿ ನಗರಕ್ಕೇಕೆ ಈ ಉಸಾಬರಿ? ಬೆಂಗಳೂರಿಗೆ ಬಂಗುಡೆ ಬರುವುದು ಮಲ್ಪೆ, ಮಂಗಳೂರಿನ ದಕ್ಕೆಗಳಿಂದಲೂ.