ಜೊತೆಗೆ ದೋಣಿಗಳಿದ್ದರೆ ಕಡಲು ಸುಲಭವೇ?

ಪ್ರಶ್ನೆ: ಫ್ಲೋರಿಡಾದಿಂದ ಬಹಾಮಾಸ್‌ಗೆ ಹೋಗುವ ಹಾಯಿದೋಣಿಗಳು ಎಷ್ಟೋ ಸಲ ರಾತ್ರಿ ಹೊತ್ತು, ಅದೂ ಗುಂಪಾಗಿ ಹೊರಡುವುದೇಕೆ? ಗುಂಪಿನಲ್ಲಿದ್ದರೆ ಅಪಾಯ ಕಡಿಮೆಯೇ?

ಉತ್ತರ: ರಾತ್ರಿ ಹೊರಡುವುದು ಬೆಳಕಿನಲ್ಲಿ ದಡ ಸೇರಲಿಕ್ಕೆ. ಮಯಾಮಿಯಿಂದ ಬಿಮಿನಿ ದ್ವೀಪಕ್ಕೆ ಸುಮಾರು 50 ಮೈಲಿ; ಐದಾರು ನಾಟ್ ವೇಗದ ಹಾಯಿದೋಣಿಗೆ ಒಂಬತ್ತು-ಹತ್ತು ಗಂಟೆಯ ದಾರಿ. ನಡುರಾತ್ರಿ ಬಿಟ್ಟರೆ ಬಿಸಿಲೇರುವ ಹೊತ್ತಿಗೆ ದ್ವೀಪ ಸಿಗುತ್ತದೆ. ಅಲ್ಲಿ ನೀರಿನ ಬಣ್ಣವೇ ನಕ್ಷೆ: ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಮರಳಿನ ತೆಳುನೀರು, ಕಂದು ಕಂಡರೆ ಬಂಡೆಯೋ ಹವಳವೋ ಇರಬಹುದು. ಕತ್ತಲಲ್ಲಿ ಇದ್ಯಾವುದೂ ಕಾಣದು.

ಗುಂಪಿನ ಮಾತು ಬೇರೆ. ದಾರಿಯ ನಡುವೆ ಗಲ್ಫ್ ಸ್ಟ್ರೀಮ್ ಎಂಬ ಸಾಗರಪ್ರವಾಹ ಸುಮಾರು 3 ನಾಟ್ ವೇಗದಲ್ಲಿ ಉತ್ತರಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಅದಕ್ಕೆ ಎದುರಾದರೆ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಆಗ ಜೊತೆಗೆ ಹತ್ತು ದೋಣಿಗಳಿದ್ದರೂ ಹೊಡೆತ ಹತ್ತಕ್ಕೂ ಒಂದೇ. ಅದಕ್ಕಿಂತ ಕೆಟ್ಟದ್ದು, ‘ಅವರು ಹೊರಟರಲ್ಲ, ನಾವೂ ಹೋಗೋಣ’ ಎಂಬ ಹುರುಪು. ಗಾಳಿ ತಿರುಗುವವರೆಗೆ ಕಾಯಬೇಕಾದವರು ಮುಜುಗರಕ್ಕೆ ಹಗ್ಗ ಬಿಚ್ಚುತ್ತಾರೆ. ಕಷ್ಟ ಬಂದರೆ ಪಕ್ಕದವರು ಕಾಪಾಡುವುದಿಲ್ಲವೇ ಎನ್ನಬಹುದು. ಎತ್ತರದ ಅಲೆಯಲ್ಲಿ, ಕತ್ತಲಲ್ಲಿ ಎರಡು ದೋಣಿ ಹತ್ತಿರ ಬಂದರೆ ಡಿಕ್ಕಿಯ ಭಯವೇ ಹೆಚ್ಚು. ಹಾಗೆಂದು ಜೊತೆ ವ್ಯರ್ಥವಲ್ಲ. ಮುಂದಿನ ದೋಣಿಯವರು ಸರಕು ಹಡಗೊಂದು ಅಡ್ಡ ಬರುತ್ತಿದೆ ಎಂದು ವಿಎಚ್‌ಎಫ್ ರೇಡಿಯೋದಲ್ಲಿ ಎಚ್ಚರಿಸಬಹುದು, ತೂಕಡಿಸುವ ಕಾವಲುಗಾರನನ್ನು ಮಾತಿಗೆಳೆಯಬಹುದು, ಎಂಜಿನ್ ಕೆಟ್ಟವರು ಎಲ್ಲಿದ್ದಾರೆಂದು ಕರಾವಳಿ ಪಡೆಗೆ ತಿಳಿಸಬಹುದು. ಇಷ್ಟಕ್ಕೆ ಒಂದು ಮೈಲಿ ಅಂತರವಿದ್ದರೂ ಧಾರಾಳ ಸಾಕು.