ಜೇನಲ್ಲದ ಜೇನು: ಫೋಟೊ ನೋಡಿ ಹೂನೊಣ ಗುರುತಿಸುವುದು

ಪುಣೆಯ ನಮ್ಮ ಬಾಲ್ಕನಿಯಲ್ಲಿ ಕಾಮಕಸ್ತೂರಿ ಹೂ ಬಿಟ್ಟರೆ ಸಾಕು, ಬೆಳಗಿನ ಬಿಸಿಲಿಗೆ ಹಳದಿ-ಕಪ್ಪು ಪಟ್ಟೆಯ ಹುಳುಗಳು ಹಾಜರು. ಪಕ್ಕದ ಮನೆಯವರು 'ಮಧಮಾಶಿ' ಎಂದು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಅವರನ್ನು ನೋಡಿ ನಗುವ ಹಾಗಿಲ್ಲ. ಮರಾಠಿಯ ಮಾಶಿ ಎಂದರೂ ನೊಣವೇ, ನಮ್ಮ ಜೇನುನೊಣದಲ್ಲಿರುವುದೂ ನೊಣವೇ. ಆದರೆ ಬಾಲ್ಕನಿಗೆ ಬಂದದ್ದು ನಿಜವಾದ ನೊಣ. ಇಂಗ್ಲಿಷಿನವರು ಹೋವರ್‌ಫ್ಲೈ ಎನ್ನುತ್ತಾರೆ, ನಾವು ಹೂನೊಣ ಎನ್ನೋಣ. ಅದಕ್ಕೆ ಕೊಂಡಿಯಿಲ್ಲ. ಕುಟುಕುವವರ ವೇಷ ಹಾಕಿಕೊಂಡು ಹಕ್ಕಿಗಳಿಂದ ಬಚಾವಾಗುವ ಜೀವ ಅದು.

ಫೋಟೊದಲ್ಲಿ ಮೊದಲು ನೋಡಬೇಕಾದದ್ದು ರೆಕ್ಕೆ. ಜೇನಿಗೆ ನಾಲ್ಕು, ನೊಣಕ್ಕೆ ಎರಡೇ. ಜೇನಿನ ಮೀಸೆ ಉದ್ದ, ಹೂನೊಣದ್ದು ಸಾಮಾನ್ಯವಾಗಿ ಮೋಟು. ಕಣ್ಣು ಮಾತ್ರ ತಲೆಯ ಬಹುಭಾಗವನ್ನೇ ಆವರಿಸಿರುತ್ತದೆ. ಹೆಚ್ಚಿನ ಜಾತಿಗಳಲ್ಲಿ ಗಂಡಿನ ಎರಡು ಕಣ್ಣುಗಳು ನೆತ್ತಿಯಲ್ಲಿ ಕೂಡುತ್ತವೆ, ಹೆಣ್ಣಿಗೆ ನಡುವೆ ಜಾಗವಿರುತ್ತದೆ. ಚಿತ್ರ ಚೆನ್ನಾಗಿ ಬಂದಿದ್ದರೆ ರೆಕ್ಕೆಯ ನಡುವೆ, ಬೇರೆ ನರಗಳಿಗೆ ಸೇರದೆ ಒಂಟಿಯಾಗಿ ಹಾದುಹೋಗುವ ಒಂದು ಗೆರೆ ಕಾಣುತ್ತದೆ. ಅದು ನಿಜವಾದ ನರವಲ್ಲ, ನರದಂತೆ ಗಟ್ಟಿಯಾದ ಮಡಿಕೆ. ಅದು ಕಂಡರೆ ಸಿರ್ಫಿಡೆ ಕುಟುಂಬ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ತೊಂದರೆ ಇರುವುದು ಮುಂದಿನ ಮೆಟ್ಟಿಲಲ್ಲಿ. ಜಗತ್ತಿನಲ್ಲಿ ಸುಮಾರು 6000 ಜಾತಿಯ ಹೂನೊಣಗಳಿವೆ. ನನ್ನ ಮೊದಲ ಫೋಟೊಗೆ ಮೊಬೈಲು ಕ್ಷಣದಲ್ಲೇ ಯುರೋಪಿನ ತೋಟಗಳ ಒಂದು ಜಾತಿಯ ಹೆಸರು ಹೇಳಿತು. ನಾನೂ ಒಪ್ಪಿದೆ. ನೆತ್ತಿಯ ಮೇಲಿಂದ ತೆಗೆದ ಚಿತ್ರ, ಬೆನ್ನು ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ವಾರ ಕಳೆದು ಅಂಥದ್ದೇ ಇನ್ನೊಂದು ಬಂದಾಗ ಪಕ್ಕದಿಂದ ತೆಗೆದೆ. ಕಣ್ಣಿನ ಮೇಲೆ, ಯಾರೋ ಬಣ್ಣ ಬಳಿದಂತೆ, ಗಾಢ ಪಟ್ಟೆಗಳು! ಎರಿಸ್ಟಾಲಿನಸ್ ಕುಲದ ಗುರುತೇ ಅದು: ಕೆಲವಕ್ಕೆ ಕಣ್ಣಲ್ಲಿ ಪಟ್ಟೆ, ಕೆಲವಕ್ಕೆ ಚುಕ್ಕೆ. ರೆಕ್ಕೆಯ ಒಂದು ಉದ್ದನೆಯ ನರವೂ ನಡುವೆ ತೊಟ್ಟಿಲಿನಂತೆ ಕೆಳಕ್ಕೆ ಬಾಗಿತ್ತು. ಆದರೆ ಆ ಕುಲದಲ್ಲಿ ಯಾವ ಜಾತಿ? ಅದಕ್ಕೆ ಮುಖದ ಕೂದಲು, ಕಾಲಿನ ಬಣ್ಣ ಎಲ್ಲ ಬೇಕು. ಹಲವು ಹೂನೊಣಗಳಲ್ಲಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡದೆ ತೀರ್ಮಾನವೇ ಇಲ್ಲ. ನಮ್ಮ ದೇಶದ ಹೂನೊಣಗಳ ಬಗ್ಗೆ ಬ್ರುನೆಟ್ಟಿ 'ಫೌನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಗೆ ಬರೆದ ಸಂಪುಟ 1923ರದ್ದು. ಅದನ್ನು ಬರೆದದ್ದು ಸೂಜಿಗೆ ಚುಚ್ಚಿಟ್ಟ ಮಾದರಿ ಕೈಯಲ್ಲಿರುವವರಿಗಾಗಿ, ನಮ್ಮಂಥ ಫೋಟೊದವರಿಗಲ್ಲ.

ಹಾಗಾಗಿ ಕುಲದ ಹೆಸರಿಗೇ ನಿಲ್ಲಿಸಿದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಐನ್ಯಾಚುರಲಿಸ್ಟ್‌ನಂಥ ತಾಣದಲ್ಲಿ ಒಬ್ಬರು ಹಾಕಿದ ಜಾತಿಯ ಹೆಸರನ್ನು ಇನ್ನೊಬ್ಬರು ಒಪ್ಪಿದರೆ ಸಾಕು, ಅದು ಸಂಶೋಧನೆಗೆ ಯೋಗ್ಯ ದಾಖಲೆ ಎನಿಸಿಕೊಳ್ಳಬಹುದು. ಮೊಬೈಲಿನ ಊಹೆಗೆ ನಾವಿಬ್ಬರು ತಲೆಯಾಡಿಸಿದರೆ ಪುಣೆಯಲ್ಲಿಲ್ಲದ ನೊಣ ನಕ್ಷೆಯಲ್ಲಿ ಹುಟ್ಟಿಬಿಡುತ್ತದೆ!

ಎಲ್ಲವೂ ಇಷ್ಟು ಕಷ್ಟವಲ್ಲ. ಕಿತ್ತಳೆ ಹೊಟ್ಟೆಯ ಮೇಲೆ ಒಂದು ದಪ್ಪ, ಒಂದು ತೆಳು ಹೀಗೆ ಜೋಡಿ ಕಪ್ಪು ಪಟ್ಟೆ ಕಂಡರೆ ಎಪಿಸಿರ್ಫಸ್ ಕುಲದತ್ತ ಕಣ್ಣು ಹಾಯಿಸಿ. ಚಿತ್ರ ತೆಗೆಯುವಾಗ ಮೇಲಿಂದ, ಪಕ್ಕದಿಂದ, ಎದುರಿನಿಂದ ಒಂದೊಂದಾದರೂ ಇರಲಿ. ಮಸುಕಾಯಿತೆಂದು ಅಳಿಸಬೇಡಿ, ಚೆಂದದ ಬೆನ್ನಿನ ಚಿತ್ರಕ್ಕಿಂತ ಅರೆಮಸುಕಾದ ಮುಖವೇ ಎಷ್ಟೋ ಸಲ ಕೆಲಸಕ್ಕೆ ಬರುತ್ತದೆ. ದಿನಾಂಕ, ಊರು, ಕೂತ ಹೂವು ಬರೆದಿಡಿ. ತಂಪು ಹೊತ್ತಿನಲ್ಲಿ ಅವು ಅಷ್ಟು ಚುರುಕಾಗಿರುವುದಿಲ್ಲ, ಹತ್ತಿರ ಹೋಗಬಹುದು.

ಎಲೆಯ ಅಡಿಯನ್ನೂ ಒಮ್ಮೆ ನೋಡಿ. ಗಿಡಹೇನುಗಳ ನಡುವೆ ಕಾಲಿಲ್ಲದ, ಬಸವನಹುಳುವಿನಂತೆ ಜಾರುವ ಪುಟ್ಟ ಹುಳು ಕಂಡರೆ ಹೊಸಕುವ ಮುನ್ನ ಫೋಟೊ ತೆಗೆಯಿರಿ. ಅನೇಕ ಹೂನೊಣಗಳ ಮರಿ ಹಾಗಿರುತ್ತದೆ, ಅದರ ಊಟವೇ ಆ ಹೇನು. ನಾನು ಗೊತ್ತಿಲ್ಲದೆ ಎರಡು ಸಲ ಬೇವಿನೆಣ್ಣೆ ಸಿಂಪಡಿಸಿ ಹೇನಿನ ಜೊತೆ ಅದನ್ನೂ ತೊಳೆದುಹಾಕಿದ್ದೇನೆ. ಈ ಸಲ ದಾಸವಾಳದ ಚಿಗುರಿನಲ್ಲಿ ಮೂರು ಸಿಕ್ಕಿವೆ. ಬಾಟಲಿ ಒಳಗಿದೆ, ಮೊಬೈಲು ಹೊರಗೆ.