ಮೋಡದ ಹದ

ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆಯುಂಟು. ಮಸ್ಕಿ, ಲಿಂಗಸುಗೂರುಗಳ ಖುಷ್ಕಿ ಹೊಲಗಳಿಗೆ ಮೋಡವೇ ಕಾಲುವೆ. ಅಲ್ಲಿನ ರೈತ ಹದ ನೋಡಿ ಬಿತ್ತುತ್ತಾನೆ. ಮಳೆಗಾಗಿ ಸಿಲ್ವರ್ ಅಯೋಡೈಡಿನ ಕಣಗಳನ್ನು ಚೆಲ್ಲುವ ಮೋಡಬಿತ್ತನೆಗೂ ಹದವುಂಟು.

ಮೋಡದ ಒಡಲನ್ನು ಅರಿಯಲು ಪ್ರಾಣವನ್ನೇ ಪಣಕ್ಕಿಡಬೇಕಾಯಿತು. 1946-47ರಲ್ಲಿ ಅಮೆರಿಕದ ಫ್ಲಾರಿಡಾ, ಒಹಾಯೊಗಳಲ್ಲಿ ವಿಮಾನಚಾಲಕರು, ಎಲ್ಲರೂ ದೂರವಿರುವ ಗುಡುಗುಮೋಡಗಳೊಳಕ್ಕೆ ಬೇಕೆಂದೇ ನುಗ್ಗಿದರು. ಬೇರೆ ಬೇರೆ ಎತ್ತರಗಳಲ್ಲಿ ಹಾರಿದ ವಿಮಾನಗಳನ್ನು ಗಾಳಿ ಒಮ್ಮೆ ಮೇಲಕ್ಕೆತ್ತಿತು, ಒಮ್ಮೆ ಕೆಳಕ್ಕೆ ದಬ್ಬಿತು. ಎಳೆಯ ಮೋಡದಲ್ಲಿ ಏರುಗಾಳಿ, ಬಲಿತಾಗ ಏರುಗಾಳಿ ಇಳಿಗಾಳಿಗಳೆರಡೂ, ಮುಪ್ಪಿನಲ್ಲಿ ಇಳಿಗಾಳಿ ಮಾತ್ರ ಎಂಬುದು ಹೀಗೆ ತಿಳಿಯಿತು. ಈ ಬಾಳೆಲ್ಲ ಸುಮಾರು ಒಂದು ಗಂಟೆಯದು!

2017ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ‘ವರ್ಷಧಾರೆ’ ಯೋಜನೆಯನ್ನು ಆರಂಭಿಸಿದಾಗ ಲಿಂಗಸುಗೂರಿನ ನೆರೆಯ ಸುರಪುರದಲ್ಲಿಯೂ ರಡಾರ್ ಸ್ಥಾಪಿತವಾಯಿತು. ಅದರಲ್ಲಿ ಮೋಡ ಕಂಡೊಡನೆ ವಿಮಾನ ಧಾವಿಸಬೇಕು. ಏರುಗಾಳಿ ಅಡಗಿದ ಮೇಲೆ ಬಿತ್ತಿದ ಕಣ ಮೇಲೇರದು. ಮೋಡವೇ ಇಲ್ಲದ ಆಕಾಶದಲ್ಲಂತೂ ಬಿತ್ತಲು ಹೊಲವೇ ಇಲ್ಲ.